ಹೊಳೆಯ ಅಣೆಗಳಲ್ಲಿ ಮೀನಿಗೆ ದಾರಿ ಬಿಡಿಸುವುದು ಹೇಗೆ: ಕಾವೇರಿಯನ್ನು ಮುಂದಿಟ್ಟುಕೊಂಡು ಒಂದು ಕೈಪಿಡಿ

ಅಣೆ ಎಷ್ಟು ಎತ್ತರವಿದೆ ಎಂಬುದು ಮೀನಿನ ಮಟ್ಟಿಗೆ ಅಷ್ಟು ದೊಡ್ಡ ವಿಷಯವಲ್ಲ. ಮೀನು ಮೇಲೇರುವ ವಾರದಲ್ಲಿ ಅಣೆಯ ಮೇಲಿನ ನೀರಿಗೂ ಕೆಳಗಿನ ನೀರಿಗೂ ಎಷ್ಟು ಮಟ್ಟದ ವ್ಯತ್ಯಾಸ ಇರುತ್ತದೆ ಎಂಬುದೇ ಮುಖ್ಯ. ಏಪ್ರಿಲ್‌ನಲ್ಲಿ ನಾಲ್ಕಡಿ ಗೋಡೆಯಾಗಿ ನಿಲ್ಲುವ ಹಳೆಯ ಕಲ್ಲಿನ ಅಣೆ ಜುಲೈ ಪ್ರವಾಹದಲ್ಲಿ ಪೂರ್ತಿ ಮುಳುಗಿಹೋಗುತ್ತದೆ. ಮೇಲೆ ಒಂದು ಉದ್ದನೆಯ ಅಲೆ ಬಿಟ್ಟರೆ ಬೇರೇನೂ ಕಾಣದು, ಮಹಶೀರ್ ಎಂಬ ದೊಡ್ಡ ಮೀನು ಅದರ ಮೇಲೆಯೇ ಈಜಿಕೊಂಡು ಹೋಗುತ್ತದೆ. ಅದೇ ಅಣೆ ದೊಡ್ಡ ಜಲಾಶಯದ ಕೆಳಗಿದ್ದರೆ ಹಾಗಾಗುವುದಿಲ್ಲ. ಮುಂಗಾರಿನ ಮೊದಲ ನೀರನ್ನು ಜಲಾಶಯ ತುಂಬಿಸಿಕೊಳ್ಳುತ್ತದೆ. ಕೆಆರ್‌ಎಸ್ ಮಟ್ಟ 124.80 ಅಡಿಯ ಹತ್ತಿರ ಬಂದು ಗೇಟು ತೆಗೆಯುವ ತನಕ ಕೆಳಗಿನ ಅಣೆಗಳ ಮೇಲೆ ಹರಿಯುವುದು ಬೇಸಿಗೆಗಿಂತ ಸ್ವಲ್ಪ ಹೆಚ್ಚಿನ ನೀರು ಅಷ್ಟೆ. ಮಳೆ ಕಡಿಮೆಯಾದ ವರ್ಷ ಆ ಅಣೆಗಳು ಮುಳುಗುವುದೇ ಇಲ್ಲ.

ಹಾಗಾಗಿ ನದಿಯ ಸಂಪರ್ಕ ಎಲ್ಲಿ ಕಡಿದಿದೆ ಎಂದು ನಕ್ಷೆ ನೋಡಿ ಹೇಳಲಾಗದು. ಅಳೆಯಬೇಕು, ಅಂಕ ಕೊಡಬೇಕು, ಲೆಕ್ಕ ಹಾಕಬೇಕು. ಕಲ್ಲು, ಹಿಟಾಚಿ ಎಲ್ಲ ಆಮೇಲಿನ ಮಾತು. ಈ ಬರಹ 3 ಮೀಟರಿಗಿಂತ ಕಡಿಮೆ ಎತ್ತರದ ಅಣೆ, ಕಿಂಡಿ ಅಣೆಕಟ್ಟು, ಬ್ಯಾರೇಜು, ಮೋರಿಗಳಿಗೆ ಮಾತ್ರ. ಕೆಆರ್‌ಎಸ್‌ನ 130 ಅಡಿ ಗೋಡೆಗಾಗಲಿ, 1934ರಲ್ಲಿ ಮುಗಿದ ಮೆಟ್ಟೂರಿಗಾಗಲಿ ಇಲ್ಲಿಯ ಯಾವ ಉಪಾಯವೂ ಒಗ್ಗದು.

ಯಾವ ಮೀನಿಗಾಗಿ?

ಇದನ್ನು ಮೊದಲೇ ತೀರ್ಮಾನ ಮಾಡಿ. ಕಾವೇರಿ ಕಣಿವೆಯಲ್ಲಿ ಮಾತ್ರ ಇರುವ ಗೂನುಬೆನ್ನಿನ ಮಹಶೀರ್‌ಗೆ ಟಾರ್ ರೆಮದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ದೊಡ್ಡ ದೇಹದ, ಬಲವಾದ ಈಜಿನ ಮೀನು ಇದು. ಮುಂಗಾರಿನ ನೀರು ಏರಿದಾಗ ಮೇಲಕ್ಕೆ ಹೊರಡುತ್ತದೆ. ಹಾವುಮೀನು ಇದಕ್ಕೆ ತದ್ವಿರುದ್ಧ. ಅದು ಮೊಟ್ಟೆಯಿಡುವುದು ಸಮುದ್ರದಲ್ಲಿ. ಬೆರಳುದ್ದದ ಮರಿಗಳು ಹೊಳೆ ಹತ್ತಿ ಬರುತ್ತವೆ. ಈಜಿನಲ್ಲಿ ಅವಕ್ಕೆ ಶಕ್ತಿಯಿಲ್ಲ, ಆದರೆ ಒದ್ದೆಯಾದ ಒರಟು ಮೇಲ್ಮೈ ಸಿಕ್ಕರೆ ತೆವಳಿಕೊಂಡು ಹತ್ತುತ್ತವೆ. ಇನ್ನು ಗೇಣುದ್ದವೂ ಇಲ್ಲದ ಹಲವಾರು ಬಗೆಯ ಸಣ್ಣ ಮೀನುಗಳು. ಇವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ನೀರುನಾಯಿಯ ಹೊಟ್ಟೆ ತುಂಬುವುದರಲ್ಲಿ ಮಾತ್ರ ಇವುಗಳ ಪಾಲು ದೊಡ್ಡದು.

ಮೀನು ಒಂದು ಗುಕ್ಕಿನಲ್ಲಿ, ಕೆಲವೇ ಸೆಕೆಂಡಿನ ಮಟ್ಟಿಗೆ, ಸೆಕೆಂಡಿಗೆ ತನ್ನ ಮೈಯುದ್ದದ ಸುಮಾರು ಹತ್ತು ಪಟ್ಟು ಈಜಬಲ್ಲದು. 20 ಸೆಂ.ಮೀ. ಮೀನಿಗೆ 2 ಮೀಟರ್, 10 ಸೆಂ.ಮೀ. ಮೀನಿಗೆ 1 ಮೀಟರ್ ಎಂದಿಟ್ಟುಕೊಳ್ಳಿ. ನೀರಿನ ವೇಗಕ್ಕೂ ಸುಲಭದ ಸೂತ್ರವಿದೆ: ವೇಗ = √(2 × 9.81 × ಮಟ್ಟದ ವ್ಯತ್ಯಾಸ). ವ್ಯತ್ಯಾಸ 5 ಸೆಂ.ಮೀ. ಇದ್ದರೆ ಕಿಂಡಿಯಲ್ಲಿ ನೀರು ಸೆಕೆಂಡಿಗೆ 1 ಮೀಟರ್, 10 ಸೆಂ.ಮೀ.ಗೆ 1.4, 20 ಸೆಂ.ಮೀ.ಗೆ 2, 30 ಸೆಂ.ಮೀ.ಗೆ 2.4 ಮೀಟರ್ ವೇಗದಲ್ಲಿ ಓಡುತ್ತದೆ. ಮುಂದೆ ಬರುವ ಅಳತೆಗಳೆಲ್ಲ ಈ ಎರಡು ಸಂಗತಿಗಳಿಂದಲೇ ಹುಟ್ಟಿದವು.

ಪಟ್ಟಿ ಮಾಡುವುದು

ಸರ್ಕಾರದ ದೊಡ್ಡ ಅಣೆಕಟ್ಟುಗಳ ಪಟ್ಟಿಯನ್ನು ನಂಬಿ ಕೂರಬೇಡಿ. ಅದರಲ್ಲಿರುವುದು 15 ಮೀಟರಿಗಿಂತ ಎತ್ತರದವು, ಜೊತೆಗೆ ಕೆಲವು ಷರತ್ತಿಗೆ ಒಳಪಟ್ಟ 10ರಿಂದ 15 ಮೀಟರಿನವು. ಹೊಳೆಯನ್ನು ತುಂಡು ಮಾಡಿರುವುದು ಬಹುಪಾಲು ಸಣ್ಣವು. ಯುರೋಪಿನ 36 ದೇಶಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಎಣಿಕೆ 12 ಲಕ್ಷಕ್ಕೂ ಹೆಚ್ಚು ತಡೆಗಳಿವೆ ಎಂದು ಅಂದಾಜಿಸಿತು; ಅವುಗಳಲ್ಲಿ 68% ಎರಡು ಮೀಟರಿಗಿಂತ ಗಿಡ್ಡ. ನಮ್ಮಲ್ಲೂ ಬಂಗಾರದೊಡ್ಡಿ, ವಿರಿಜಾ, ಮಾಧವಮಂತ್ರಿ, ಚಾಮರಾಜ, ಕಟ್ಟೇಪುರದಂಥ ಹೆಸರುಳ್ಳ ಅಣೆಗಳು ಕಡತದಲ್ಲಿ ಸಿಗುತ್ತವೆ. ಉಪನದಿಗಳ ಚೆಕ್‌ಡ್ಯಾಂ, ಹ್ಯೂಮ್ ಪೈಪಿನ ಸೇತುವೆಗಳನ್ನು ನೀವೇ ಹುಡುಕಬೇಕು.

ಗೂಗಲ್ ಅರ್ತ್‌ನಲ್ಲಿ ಹಳೆಯ ಚಿತ್ರಗಳನ್ನು ತೋರಿಸುವ ಸೌಲಭ್ಯ ತೆರೆದು ಫೆಬ್ರವರಿಯಿಂದ ಮೇ ನಡುವಿನ ಚಿತ್ರ ಆರಿಸಿ. ಹೊಳೆಯುದ್ದಕ್ಕೂ ಕೆಳಗಿನಿಂದ ಮೇಲಕ್ಕೆ ಬನ್ನಿ. ಒಂದು ಕಡೆ ನಿಂತ ನೀರು, ಗೆರೆಯ ಆಚೆ ಬಿಳಿ ನೊರೆ, ದಡದಿಂದ ಕವಲೊಡೆದ ನಾಲೆ: ಈ ಮೂರು ಒಟ್ಟಿಗೆ ಕಂಡರೆ ಅಣೆ. ಬಂಡೆಸಾಲು ವಕ್ರವಕ್ರವಾಗಿರುತ್ತದೆ, ಕಟ್ಟಿದ್ದು ನೇರವಾಗಿ ಅಥವಾ ಒಂದೇ ಬಾಗಿನಲ್ಲಿರುತ್ತದೆ. ಪ್ರತಿಯೊಂದಕ್ಕೂ ಅಕ್ಷಾಂಶ, ರೇಖಾಂಶ, ಕೆಳಗಿನ ಸಂಗಮದಿಂದ ಎಷ್ಟು ಕಿಲೋಮೀಟರ್, ಒಡೆತನ ಯಾರದು (ನೀರಾವರಿ ನಿಗಮ, ಸಣ್ಣ ನೀರಾವರಿ ಇಲಾಖೆ, ಪಂಚಾಯಿತಿ, ಖಾಸಗಿ ಕಿರು ಜಲವಿದ್ಯುತ್ ಕಂಪನಿ) ಬರೆದಿಡಿ. ಮೂಲ ನಕ್ಷೆ, ಅಡ್ಡಕೊಯ್ತದ ಚಿತ್ರ ಮಾಹಿತಿ ಹಕ್ಕಿನಲ್ಲಿ ಸಿಗುತ್ತವೆ. ಅರ್ಜಿಯಲ್ಲಿ ಅಣೆಯ ತಲೆಮಟ್ಟ ಮತ್ತು ನಾಲೆ ತೂಬಿನ ತಳಮಟ್ಟ ಎಂದು ಎರಡನ್ನೂ ಹೆಸರಿಸಿ ಕೇಳಿ. ಬರೀ ‘ವಿವರ’ ಕೇಳಿದರೆ ಉದ್ಘಾಟನೆಯ ಕಲ್ಲಿನ ಮೇಲೆ ಇರುವಷ್ಟೇ ಬರುತ್ತದೆ.

ಚುಂಚನಕಟ್ಟೆ, ಶಿವನಸಮುದ್ರದಂಥ ಜಲಪಾತಗಳನ್ನು ಪಟ್ಟಿಯಲ್ಲಿ ಬೇರೆ ಬಣ್ಣದಲ್ಲಿ ಗುರುತಿಸಿ. ಅವು ತಡೆಗಳೇ ಹೌದು, ಆದರೆ ಹೊಳೆಯೇ ಮಾಡಿಕೊಂಡ ತಡೆಗಳು. ಮೇಲಿನ ಮತ್ತು ಕೆಳಗಿನ ಜೀವಿಗಳು ಸಾವಿರಾರು ವರ್ಷ ಹಾಗೆ ಬೇರೆಯಾಗಿಯೇ ಬದುಕಿವೆ. ಅಲ್ಲಿ ಕೈ ಹಾಕಬಾರದು.

ಹೊಳೆಗೆ ಇಳಿದು ಅಳೆಯುವುದು

ಬೇಕಾದ ಸಾಮಾನು ಜಾಸ್ತಿಯಿಲ್ಲ: ಗಾರೆಯವರು ಬಳಸುವ 30 ಮೀಟರಿನ ಪಾರದರ್ಶಕ ಲೆವೆಲ್ ಟ್ಯೂಬು, ಸೆಂಟಿಮೀಟರ್ ಗೆರೆ ಹಾಕಿದ 2 ಮೀಟರಿನ ಎರಡು ಕೋಲು, 50 ಮೀಟರಿನ ಟೇಪು, ಸ್ಟಾಪ್‌ವಾಚು, ಜೀವರಕ್ಷಕ ಜಾಕೆಟ್. ಟ್ಯೂಬಿಗೆ ನೀರು ತುಂಬುವಾಗ ಒಂದೇ ಒಂದು ಗುಳ್ಳೆ ಉಳಿದರೂ ಮಟ್ಟ ಸೆಂಟಿಮೀಟರುಗಟ್ಟಲೆ ತಪ್ಪುತ್ತದೆ. ಒಂದು ತುದಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಇನ್ನೊಂದನ್ನು ಹೀರಿ ತಗ್ಗಿಗೆ ಹಿಡಿದು, ಎರಡು ನಿಮಿಷ ಹರಿಯಲು ಬಿಡಿ. ಆಮೇಲೆ ಎರಡೂ ತುದಿಯನ್ನು ಅಕ್ಕಪಕ್ಕ ಹಿಡಿದು ನೀರು ಒಂದೇ ಮಟ್ಟದಲ್ಲಿ ನಿಂತಿತೇ ನೋಡಿ. ನಿಂತರೆ ಗುಳ್ಳೆಯಿಲ್ಲ.

ಅಳೆಯಬೇಕಾದ್ದು ಇಷ್ಟು. ಮೇಲಿನ ನೀರಿನಿಂದ ಕೆಳಗಿನ ನೀರಿಗೆ ಇಳಿತ, ಅಂದರೆ ನೀರಿನ ಮೇಲ್ಮೈಯಿಂದ ನೀರಿನ ಮೇಲ್ಮೈಗೆ; ಗೋಡೆಯ ಎತ್ತರವಲ್ಲ. ಅಣೆಯ ತಲೆಯ ಮೇಲೆ ಹರಿಯುವ ನೀರಿನ ಆಳ. ಬುಡದಲ್ಲಿರುವ ಮಡುವಿನ ಆಳ. ನೆಗೆಯುವ ಮೀನಿಗೆ ಇದು ಇಳಿತದ ಒಂದೂಕಾಲು ಪಟ್ಟಾದರೂ ಇರಬೇಕು. ಬುಡದಲ್ಲಿ ಕಾಂಕ್ರೀಟಿನ ಹಾಸು ಇದ್ದರೆ ಅದರ ಉದ್ದ ಮತ್ತು ಮೇಲಿನ ನೀರಿನ ಆಳ. ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಐದು ಮೀಟರ್ ಉದ್ದದ ನುಣ್ಣನೆಯ ಹಾಸಿನ ಮೇಲೆ ಮೂರು ಸೆಂಟಿಮೀಟರ್ ನೀರು ರಭಸವಾಗಿ ಹರಿಯುತ್ತಿದ್ದರೆ, ಅದು ಎರಡಡಿ ಗೋಡೆಗಿಂತಲೂ ಕೆಟ್ಟ ತಡೆ: ಮೀನಿನ ಬೆನ್ನು ನೀರಿನ ಹೊರಗೆ, ಬಾಲಕ್ಕೆ ತಳ್ಳಲು ನೀರಿಲ್ಲ.

ಹರಿವು ತಿಳಿಯಲು, ನೇರವಾಗಿ ಹರಿಯುವ ಕಡೆ 10 ಮೀಟರ್ ಗುರುತು ಮಾಡಿ, ಅರ್ಧ ಮುಳುಗಿ ತೇಲುವ ಕಿತ್ತಳೆಯನ್ನೋ ನಿಂಬೆಯನ್ನೋ ಐದಾರು ಸಲ ಬಿಟ್ಟು ಸರಾಸರಿ ಸಮಯ ತೆಗೆಯಿರಿ. ಬಂದ ವೇಗವನ್ನು 0.85ರಿಂದ ಗುಣಿಸಿ, ಅಗಲ ಮತ್ತು ಸರಾಸರಿ ಆಳದಿಂದ ಗುಣಿಸಿ. ಸೆಕೆಂಡಿಗೆ 28.3 ಲೀಟರ್ ಎಂದರೆ ಒಂದು ಕ್ಯೂಸೆಕ್; ಪತ್ರಿಕೆಯಲ್ಲಿ ಬರುವ ಹೊರಹರಿವಿನ ಅಂಕಿಗಳ ಜೊತೆ ಹೋಲಿಸಲು ಇದು ಬೇಕಾಗುತ್ತದೆ.

ಒಂದು ಸಲದ ಭೇಟಿ ಸಾಲದು. ಏಪ್ರಿಲ್‌ನಲ್ಲಿ ನೀರಿಗಿಳಿದು ಪೂರ್ತಿ ಅಳತೆ ಮಾಡಿ. ಅದೇ ಹೊತ್ತಿಗೆ ಅಣೆಯ ಮೇಲೆ ಒಂದು, ಕೆಳಗೆ ಒಂದು ಗಟ್ಟಿ ಕಲ್ಲಿಗೋ ಕಂಬಕ್ಕೋ ಬಣ್ಣದಲ್ಲಿ 10 ಸೆಂಟಿಮೀಟರಿಗೊಂದು ಗೆರೆ ಹಾಕಿ. ಎರಡರ ಸೊನ್ನೆಯೂ ಲೆವೆಲ್ ಟ್ಯೂಬಿನಲ್ಲಿ ಒಂದೇ ಮಟ್ಟಕ್ಕೆ ಇರಲಿ. ಊರಿನ ನೀರುಗಂಟಿಗೆ ಜೂನ್ 1ರಿಂದ ಆಗಸ್ಟ್ 31ರ ತನಕ ದಿನಕ್ಕೊಮ್ಮೆ ಎರಡೂ ಅಂಕಿ ಬರೆದಿಡಲು ಹೇಳಿ, ಅದಕ್ಕೆ ಕೂಲಿ ಕೊಡಿ. ಎರಡರ ವ್ಯತ್ಯಾಸ ಎಷ್ಟು ದಿನ 20 ಸೆಂ.ಮೀ.ಗಿಂತ ಕೆಳಗಿಳಿಯಿತು ಎಂಬುದು ಇಡೀ ಸಮೀಕ್ಷೆಯಲ್ಲೇ ಬೆಲೆಬಾಳುವ ಅಂಕಿ, ಮತ್ತು ಅದಕ್ಕೆ ತಗಲುವ ಖರ್ಚು ಒಂದು ಡಬ್ಬ ಬಣ್ಣ, ಮೂರು ತಿಂಗಳ ಸಣ್ಣ ಸಂಬಳ.

ಮಳೆಗಾಲದಲ್ಲಿ ಅಣೆಯ ಬುಡಕ್ಕೆ ಇಳಿಯಲೇಬೇಡಿ. ಅಲ್ಲಿ ಮೇಲ್ನೀರು ಹಿಂದಕ್ಕೆ, ಗೋಡೆಯ ಕಡೆಗೇ ಸುತ್ತುತ್ತದೆ. ಬಿದ್ದವನನ್ನು ಅದೇ ಜಾಗದಲ್ಲಿ ಹೊರಳಿಸುತ್ತಲೇ ಇರುತ್ತದೆ, ಈಜು ಬಂದರೂ ಪ್ರಯೋಜನವಿಲ್ಲ. ಜಲವಿದ್ಯುತ್ ಘಟಕದ ಕೆಳಗೆ ಬೇಸಿಗೆಯಲ್ಲೂ ನೀರು ಹಠಾತ್ತನೆ ಏರುತ್ತದೆ. ಶ್ರೀರಂಗಪಟ್ಟಣದ ಸುತ್ತಮುತ್ತ ಮೊಸಳೆಗಳಿವೆ. ಕಾವೇರಿ ವನ್ಯಜೀವಿಧಾಮದ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಟೇಪು ಬಿಚ್ಚುವಂತಿಲ್ಲ.

ಅಂಕ ಕೊಟ್ಟು ಲೆಕ್ಕ ಹಾಕುವುದು

ಬ್ರಿಟನ್ನಿನಲ್ಲಿ ಬಳಕೆಯಲ್ಲಿರುವ ನಾಲ್ಕು ಮೆಟ್ಟಿಲಿನ ಅಂಕವೇ ಸಾಕು: ತಡೆಯೇ ಇಲ್ಲದಿದ್ದರೆ 1, ಸ್ವಲ್ಪ ತಡೆಗೆ 0.6, ಬಹಳ ತಡೆಗೆ 0.3, ಪೂರ್ತಿ ಮುಚ್ಚಿದ್ದರೆ 0. ಒರಟು ಅಂದಾಜಿಗೆ, ಮೀನು ಏರುವ ದಿನಗಳಲ್ಲಿ ಇಳಿತ 10 ಸೆಂ.ಮೀ. ಒಳಗಿದ್ದು ನೀರು 30 ಸೆಂ.ಮೀ. ಆಳವಿದ್ದರೆ 1, ಇಳಿತ 30ರ ತನಕ 0.6, 60ರ ತನಕ 0.3, ಅದಕ್ಕೂ ಹೆಚ್ಚಾದರೆ 0. ಮಹಶೀರ್‌ಗೆ ಒಂದು ಅಂಕ, ಹಾವುಮೀನಿಗೆ ಒಂದು, ಸಣ್ಣ ಮೀನಿಗೆ ಒಂದು ಎಂದು ಮೂರು ಸಲ ಕೊಡಿ. ಪಾಚಿ ಹಿಡಿದು ಸದಾ ಒಸರುವ ಒರಟು ಕಲ್ಲಿನ ಗೋಡೆ ಮಹಶೀರ್‌ಗೆ 0, ಹಾವುಮೀನಿನ ಮರಿಗೆ 0.6 ಆಗಬಹುದು.

ಈಗ ಲೆಕ್ಕ. 60 ಕಿ.ಮೀ. ಉದ್ದದ ಒಂದು ಉಪನದಿ, ಎರಡು ಅಣೆ. ಸಂಗಮದಿಂದ 10 ಕಿ.ಮೀ. ಮೇಲೆ ಮೊದಲನೆಯದು, ಅಲ್ಲಿಂದ 30 ಕಿ.ಮೀ. ಮೇಲೆ ಎರಡನೆಯದು, ಅದರ ಮೇಲೆ 20 ಕಿ.ಮೀ. ಹೊಳೆ. ಎರಡೂ ಅಣೆಗೆ ಸೊನ್ನೆ ಅಂಕ. ಹೊಳೆಯೊಳಗೇ ಓಡಾಡುವ ಮೀನಿಗೆ ಸಂಪರ್ಕ ಎಷ್ಟು? ಪ್ರತಿ ತುಂಡಿನ ಉದ್ದವನ್ನು ಒಟ್ಟು ಉದ್ದದಿಂದ ಭಾಗಿಸಿ, ವರ್ಗ ಮಾಡಿ, ಕೂಡಿ. (10/60)² + (30/60)² + (20/60)² = 0.389, ಅಂದರೆ ಶೇ. 38.9.

ಕೆಳಗಿನ ಅಣೆ ತೆಗೆದರೆ ತುಂಡುಗಳು 40 ಮತ್ತು 20, ಸಂಪರ್ಕ ಶೇ. 55.6. ಮೇಲಿನದನ್ನು ತೆಗೆದರೆ 10 ಮತ್ತು 50, ಸಂಪರ್ಕ ಶೇ. 72.2. ಮೇಲಿನದು ತೆಗೆಯುವುದೇ ಲಾಭ ಎಂದಾಯಿತು. ಹಾವುಮೀನಿಗೆ ಇದೇ ಲೆಕ್ಕ ತಲೆಕೆಳಗು. ಅದು ಸಮುದ್ರದ ಕಡೆಯಿಂದ ಬರಬೇಕು, ಹಾಗಾಗಿ ಕೆಳಗಿನಿಂದ ತಲುಪಬಲ್ಲ ಉದ್ದ ಮಾತ್ರ ಲೆಕ್ಕಕ್ಕೆ. ಈಗ 60ರಲ್ಲಿ 10, ಅಂದರೆ ಶೇ. 16.7. ಮೇಲಿನ ಅಣೆ ತೆಗೆದರೂ ಅದು ಶೇ. 16.7ರಲ್ಲೇ ನಿಲ್ಲುತ್ತದೆ, ಕೆಳಗಿನದು ತೆಗೆದರೆ ಶೇ. 66.7ಕ್ಕೆ ಏರುತ್ತದೆ. ಯಾವ ಮೀನಿಗಾಗಿ ಎಂದು ಮೊದಲೇ ತೀರ್ಮಾನಿಸಿ ಎಂದದ್ದು ಇದಕ್ಕೇ. ಮತ್ತೆ, ಕಾವೇರಿಯ ಮೇಲ್ಭಾಗದಲ್ಲಿ ಹಾವುಮೀನಿನ ಹೆಸರಿನಲ್ಲಿ ಹಣ ಕೇಳುವವರು ಕೆಳಗಡೆ ಮೆಟ್ಟೂರು ಇದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿರಬೇಕು.

ಅಣೆ ತೆಗೆಯದೆ, ಮೀನು ಹತ್ತಲು ಕಲ್ಲಿನ ಇಳಿಜಾರು ಕಟ್ಟಿ ಅಂಕವನ್ನು 0ಯಿಂದ 0.5ಕ್ಕೆ ಏರಿಸಿದರೆ? ಅಣೆಯ ಎರಡೂ ಬದಿಯ ತುಂಡುಗಳ ಪಾಲನ್ನು ಗುಣಿಸಿ, ಅಂಕದಿಂದ ಗುಣಿಸಿ, ಇಮ್ಮಡಿ ಮಾಡಿ ಕೂಡಿ. ಮೇಲಿನ ಅಣೆಗೆ 2 × 0.5 × (30/60) × (20/60) = 0.167. ಒಟ್ಟು ಶೇ. 55.6. ಮೇಲಿನ ಅಣೆಗೆ ಕಟ್ಟಿದ ಅರ್ಧಂಬರ್ಧ ಇಳಿಜಾರೂ ಕೆಳಗಿನ ಅಣೆಯನ್ನು ಪೂರ್ತಿ ಒಡೆದುಹಾಕುವುದೂ ಇಲ್ಲಿ ಒಂದೇ ಫಲ ಕೊಡುತ್ತವೆ. ಒಡೆಯುವ ಜಗಳಕ್ಕೆ ಹೋಗುವ ಮುನ್ನ ಈ ಗುಣಾಕಾರ ಮಾಡಿ ನೋಡಿ.

ತೆರೆಯಬಾರದ ಕಡೆ

ಕೆಳಗಿನ ಮಡುವಿನಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್, ಟಿಲಾಪಿಯಾ ತುಂಬಿದ್ದು ಮೇಲಿನ ತೊರೆಯಲ್ಲಿ ಅವು ಇನ್ನೂ ಇಲ್ಲವಾದರೆ, ಆ ಅಣೆ ಸದ್ಯಕ್ಕೆ ಕಾವಲುಗಾರ. ಹಾಗೇ ಬಿಡಿ. ಮೊಟ್ಟೆಯಿಂದ ಬೆಳೆಸಿ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಕಾವೇರಿಯಲ್ಲಿ ಹಬ್ಬಿ ಗೂನುಬೆನ್ನಿನದಕ್ಕೆ ಸಂಕಟ ತಂದಿರುವುದರಿಂದ, ‘ಮಹಶೀರ್ ಇದೆ’ ಎಂದು ಬರೆದರೆ ಸಾಲದು, ಯಾವ ಮಹಶೀರ್ ಎಂದು ಬಲ್ಲವರಿಂದ ಗುರುತು ಮಾಡಿಸಿ.

ಅಣೆ ಕಟ್ಟಿದ್ದರಿಂದಲೇ ಹುಟ್ಟಿದ ಜಾಗಗಳೂ ಇವೆ. ರಂಗನತಿಟ್ಟಿನ ನಡುಗಡ್ಡೆಗಳು ಆದದ್ದು 17ನೇ ಶತಮಾನದಲ್ಲಿ ಕಾವೇರಿಗೆ ಅಡ್ಡ ಕಟ್ಟಿದ ಒಡ್ಡಿನಿಂದ. 1940ರಲ್ಲಿ ಪಕ್ಷಿಧಾಮವಾದ ಆ ಜಾಗ 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಅಂಥಲ್ಲಿ ನೀರಿನ ಮಟ್ಟ ಇಳಿಸುವ ಮಾತೇ ಇಲ್ಲ. ಪಕ್ಕದಲ್ಲಿ ದಾರಿ ಮಾಡುವುದೊಂದೇ ಉಳಿಯುವುದು.

ಕಲ್ಲು ಹಾಕುವ ಮುಂಚೆ ಆಗುವ ಕೆಲಸ

ಕರಾವಳಿಯ ಕಿಂಡಿ ಅಣೆಕಟ್ಟು, ಕೃಷ್ಣಾ-ಭೀಮಾ ಕಡೆಯ ಸೇತುವೆ-ಕಂ-ಬ್ಯಾರೇಜುಗಳಲ್ಲಿ ಒಂದು ಚೀಲ ಸಿಮೆಂಟೂ ಬೇಡ. ಹಲಗೆ ಅಥವಾ ಗೇಟು ಯಾವತ್ತು ಎತ್ತುತ್ತಾರೆ ಎಂಬುದೇ ಎಲ್ಲ. ಕರಾವಳಿಯಲ್ಲಿ ಸಾಮಾನ್ಯವಾಗಿ ಮಳೆ ನಿಂತ ಮೇಲೆ, ನವೆಂಬರ್-ಡಿಸೆಂಬರ್‌ನಲ್ಲಿ ಹಲಗೆ ಇಳಿಸುತ್ತಾರೆ, ಮೇ ಕೊನೆಗೆ ತೆಗೆಯುತ್ತಾರೆ. ತೆಗೆಯುವುದು ತಡವಾದರೆ ಮೊದಲ ಪ್ರವಾಹಕ್ಕೆ ಕಸ ಕಟ್ಟಿಕೊಂಡು ಹಲಗೆ ಜಾಮ್ ಆಗುತ್ತದೆ, ಆಮೇಲೆ ಇಡೀ ಮಳೆಗಾಲ ಅಲ್ಲೇ. ಮೀನು ಹತ್ತುವುದೂ ಅದೇ ಮೊದಲ ಪ್ರವಾಹಕ್ಕೆ. ಮೇ 20ರ ಒಳಗೆ ದಡದ ಪಕ್ಕದ ಎರಡು ಕಿಂಡಿಯನ್ನಾದರೂ ತಳದ ತನಕ ತೆರವು ಮಾಡಬೇಕು ಎಂದು ಪಂಚಾಯಿತಿಯಲ್ಲಿ ಠರಾವು ಮಾಡಿಸಿ, ಹಲಗೆ ಎತ್ತುವ ಕೂಲಿಗೆ ಹಣ ಮೊದಲೇ ಎತ್ತಿಡಿಸಿ. ಎಲ್ಲ ಕಿಂಡಿಯ ಮೇಲಿನ ಒಂದೊಂದು ಹಲಗೆ ತೆಗೆದರೆ ನೀರು ಇಳಿಯುತ್ತದೆ, ಮೀನಿಗೆ ದಾರಿಯಾಗುವುದಿಲ್ಲ. ಕೆಲವನ್ನು ಪೂರ್ತಿ ತೆಗೆಯುವುದೇ ಸರಿ.

ಹ್ಯೂಮ್ ಪೈಪಿನ ಮೋರಿಗಳಲ್ಲಿ ತೊಂದರೆ ಯಾವಾಗಲೂ ಕೆಳಬಾಯಿಯದು: ನೀರು ಮಣ್ಣು ಕೊರೆದು ಪೈಪಿನ ತುದಿ ಗಾಳಿಯಲ್ಲಿ ತೂಗಾಡುತ್ತದೆ. ಕೆಳಗೆ ನಾಲ್ಕೈದು ಮೀಟರ್ ಬಿಟ್ಟು ಕಾಡುಕಲ್ಲಿನ ಅಡ್ಡಸಾಲು ಕೂರಿಸಿ, ಪೈಪಿನೊಳಗೆ ಕಾಲು ಭಾಗ ನೀರು ನಿಲ್ಲುವಷ್ಟು ಮಟ್ಟ ಏರಿಸಿ. ಹೊಸದಾಗಿ ಹಾಕುವುದಾದರೆ ಪೈಪಿನ ವ್ಯಾಸದ ಕಾಲು ಭಾಗ ಹೊಳೆಯ ತಳದಲ್ಲಿ ಹೂತಿರಲಿ. ನ್ಯೂಜಿಲೆಂಡಿನಲ್ಲಿ ಇಂಥ ಮೋರಿಗಳೊಳಗೆ ಒರಟು ಹಗ್ಗ ಎಳೆದು ಕಟ್ಟಿ ಸಣ್ಣ ಮೀನು ಹತ್ತುವಂತೆ ಮಾಡುತ್ತಾರೆ. ಹಾವುಮೀನಿನ ಮರಿಗೆ ಕಿಂಡಿ ಅಣೆಕಟ್ಟಿನ ಒಂದು ಮೂಲೆಯಲ್ಲಿ, ಸದಾ ನೀರು ಒಸರುವಂತೆ, ತೆಂಗಿನ ನಾರಿನ ಚಾಪೆ ಇಳಿಬಿಟ್ಟು ನೋಡಬಹುದು. ನಾರು ಕೊಳೆಯುವುದರಿಂದ ವರ್ಷಕ್ಕೊಮ್ಮೆ ಬದಲಿಸಬೇಕು.

ಕಲ್ಲಿನ ಇಳಿಜಾರು

ಉಳಿದ ಅಣೆಗಳಿಗೆ ನಮ್ಮ ಹೊಳೆಗಳಲ್ಲಿ ಒಗ್ಗುವುದು ಕಲ್ಲಿನ ಇಳಿಜಾರೇ, ಕಾಂಕ್ರೀಟ್ ಪೆಟ್ಟಿಗೆಗಳ ಮೀನೇಣಿ ಅಲ್ಲ. ಏಣಿಯನ್ನು ಒಂದು ಬಗೆಯ ಮೀನಿಗೆ ಅಳೆದು ಕಟ್ಟುತ್ತಾರೆ. ಇಳಿಜಾರಿನಲ್ಲಿ ನಡುವೆ ರಭಸ, ಅಂಚಿನಲ್ಲಿ ನಿಧಾನ, ಕಲ್ಲಿನ ಸಂದಿಯಲ್ಲಿ ಇನ್ನೂ ನಿಧಾನ ಇರುವುದರಿಂದ ಎಲ್ಲ ಗಾತ್ರದವಕ್ಕೂ ಏನಾದರೊಂದು ದಾರಿ ಸಿಗುತ್ತದೆ.

ಇಳಿತ 1.2 ಮೀಟರ್ ಇರುವ ಅಣೆಗೆ ಲೆಕ್ಕ ಹೀಗೆ. ಇಳಿಜಾರು 25ಕ್ಕೆ 1, ಉದ್ದ 30 ಮೀಟರ್. 20ಕ್ಕೆ 1ಕ್ಕಿಂತ ಕಡಿದು ಮಾಡಿದರೆ ಸಣ್ಣ ಮೀನು ಹತ್ತುವುದಿಲ್ಲ. ಸಾಲಿನಿಂದ ಸಾಲಿಗೆ 10 ಸೆಂ.ಮೀ. ಇಳಿತದಂತೆ ದೊಡ್ಡ ಕಲ್ಲಿನ 12 ಅಡ್ಡಸಾಲು, ಎರಡೂವರೆ ಮೀಟರಿಗೊಂದು. ಅಗಲ 4 ಮೀಟರ್. ಸಾಲುಗಳ ನಡುವಿನ ನೀರು ಅರ್ಧ ಮೀಟರ್ ಆಳ. ಪ್ರತಿ ಸಾಲಿನಲ್ಲಿ 30 ಸೆಂ.ಮೀ. ಅಗಲದ ಎರಡು ಸಂದಿ. ದೊಡ್ಡ ಮಹಶೀರ್ ಇರುವ ಕಡೆ ಒಂದನ್ನು 40 ಸೆಂ.ಮೀ. ಮಾಡಿ. 30 ಸೆಂ.ಮೀ. ಸಂದಿಯಲ್ಲಿ ನೀರು 40 ಸೆಂ.ಮೀ. ಆಳವಿದ್ದರೆ ಸೆಕೆಂಡಿಗೆ ಸುಮಾರು 110 ಲೀಟರ್ ಹರಿಯುತ್ತದೆ. ಎರಡೂ ಸೇರಿ 220 ಲೀಟರ್, ಸುಮಾರು 8 ಕ್ಯೂಸೆಕ್. ನೀರಿನ ಕುದಿತವನ್ನೂ ನೋಡಬೇಕು. ನೀರಿನ ತೂಕ, ಹರಿವು, ಇಳಿತ ಮೂರನ್ನೂ ಗುಣಿಸಿದರೆ 9,810 × 0.22 × 0.1 = 216 ವ್ಯಾಟ್; ನಡುವಿನ ಕೊಳದಲ್ಲಿರುವ ನೀರು 2.5 × 4 × 0.5 = 5 ಘನಮೀಟರ್; ಘನಮೀಟರಿಗೆ 43 ವ್ಯಾಟ್. ಇದು 100 ದಾಟಿದರೆ ನೀರೆಲ್ಲ ನೊರೆಯಾಗಿ ಮೀನಿಗೆ ದಿಕ್ಕು ತಪ್ಪುತ್ತದೆ, ಸುಧಾರಿಸಿಕೊಳ್ಳಲು ಜಾಗ ಇರುವುದಿಲ್ಲ.

ಆ 8 ಕ್ಯೂಸೆಕ್ಕೇ ಊರಿನಲ್ಲಿ ಮಾತಾಗುವ ವಿಷಯ. ನಾಲೆಗೆ ಎಷ್ಟು ಹೋಗುತ್ತದೆ, ಬೇಸಿಗೆಯಲ್ಲಿ ಹೊಳೆಯಲ್ಲಿ ಎಷ್ಟಿರುತ್ತದೆ ಎಂಬುದರ ಪಕ್ಕದಲ್ಲಿ ಈ ಅಂಕಿ ಇಟ್ಟು ರೈತರ ಮುಂದೆ ಹೋಗಿ. ಇಳಿಜಾರಿನ ಮೇಲ್ಬಾಯಿಯ ತಳ ನಾಲೆ ತೂಬಿನ ತಳಕ್ಕಿಂತ ಕೆಳಗೆ ಇಳಿಯಕೂಡದು, ಮತ್ತು ಬಾಯಿಗೆ ಹಲಗೆ ಇಳಿಸುವ ಸೀಳು ಇರಬೇಕು; ಮಾರ್ಚ್‌ನಿಂದ ಮೇ ತನಕ ಬೇಕಾದರೆ ಮುಚ್ಚಿಕೊಳ್ಳಲಿ. ಮುಂಗಾರಿನ ಮೀನಿಗೆ ಅದರಿಂದ ನಷ್ಟವಿಲ್ಲ. ಈ ಹಲಗೆಯ ಸೀಳು ಇಲ್ಲದೆ ಕಟ್ಟಿದರೆ ಮೊದಲ ಬರಗಾಲದಲ್ಲೇ ಬಾಯಿಗೆ ಮರಳುಚೀಲ ಬೀಳುತ್ತದೆ, ಅದನ್ನು ಯಾರೂ ತೆಗೆಯುವುದಿಲ್ಲ.

ಜಾಗ ಆರಿಸುವುದು ಅಳತೆಗಿಂತ ಮುಖ್ಯ. ಮೀನು ದಡ ಹಿಡಿದು ಬರುತ್ತದೆ, ತಡೆ ಎದುರಾಗುವ ತನಕ ಮೇಲೆ ಹೋಗುತ್ತದೆ, ಅಲ್ಲಿಂದ ಹಿಂದಕ್ಕೆ ಬಂದು ದಾರಿ ಹುಡುಕುವುದಿಲ್ಲ. ಆದ್ದರಿಂದ ಇಳಿಜಾರಿನ ಕೆಳಬಾಯಿ ಅಣೆಯ ಬುಡಕ್ಕೆ ತಾಗಿರಬೇಕು, 30 ಮೀಟರ್ ಕೆಳಗಲ್ಲ. ಅಂದರೆ ಇಳಿಜಾರನ್ನು ಅಣೆಯ ಮೇಲ್ಭಾಗದ ಕಡೆಗೆ ಚಾಚಬೇಕು, ಇಲ್ಲವೇ ದಡದಲ್ಲಿ ಮಡಿಚಿ ತಿರುಗಿಸಬೇಕು. ಹಳೆ ಮೈಸೂರಿನ ಅಣೆಗಳು ಹಲವು ಕಡೆ ಹೊಳೆಗೆ ಓರೆಯಾಗಿ ಹಾಯುತ್ತವೆ; ಅಂಥಲ್ಲಿ ಮೀನು ಕೂಡುವುದು ಮೇಲ್ತುದಿಯ ಮೂಲೆಯಲ್ಲಿ, ಅಣೆ ದಡವನ್ನು ಕಿರಿದಾದ ಕೋನದಲ್ಲಿ ಮುಟ್ಟುವ ಕಡೆ. ಬಾಯಿ ಅಲ್ಲೇ ಇರಲಿ. ಅಣೆಯ ಮೇಲೆ ಹರಿಯುವ ನೀರಿನ ಶೇ. 1ರಿಂದ 5ರಷ್ಟಾದರೂ ಇಳಿಜಾರಿನಿಂದ ಬರಬೇಕು, ಇಲ್ಲವಾದರೆ ಅದರ ಸೆಳೆತ ಮೀನಿಗೆ ತಿಳಿಯುವುದಿಲ್ಲ.

ಕಟ್ಟುವುದು ಜನವರಿಯಿಂದ ಏಪ್ರಿಲ್ ಒಳಗೆ. ತಳ ಅಗೆದು ಮೊದಲು ಮರಳು-ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ, ಆಮೇಲೆ 20-40 ಸೆಂ.ಮೀ. ಕಲ್ಲಿನ ಹಾಸು. ಸಾಲಿಗೆ 60 ಸೆಂ.ಮೀ.ನಿಂದ 1 ಮೀಟರಿನ ಕಾಡುಕಲ್ಲು. ಒಡೆದ ಸೈಜುಗಲ್ಲು ಬೇಡ, ಅದರ ಚೂಪು ಅಂಚು ಮೀನಿನ ಮೈ ಕೆರೆಯುತ್ತದೆ. 80 ಸೆಂ.ಮೀ. ದುಂಡು ಗ್ರಾನೈಟ್ ಸುಮಾರು 700 ಕೆ.ಜಿ. ತೂಗುತ್ತದೆ, ಹಿಟಾಚಿ ಇಲ್ಲದೆ ಆಗದು. ಪ್ರತಿ ಕಲ್ಲಿನ ಮೂರನೇ ಒಂದು ಭಾಗ ಹೂತಿರಬೇಕು, ಪಕ್ಕದ ಕಲ್ಲಿಗೆ ಒರಗಿರಬೇಕು. ಅಡ್ಡಕೊಯ್ತ ನಡುವೆ ತಗ್ಗಾಗಿ, ಅಂಚಿಗೆ ಏರಲಿ. ನೀರು ಕಡಿಮೆಯಾದಾಗ ನಡುವೆ ಕೂಡಿಕೊಳ್ಳುತ್ತದೆ, ಹೆಚ್ಚಾದಾಗ ಅಂಚಿನ ತೆಳುನೀರು ಸಣ್ಣ ಮೀನಿಗಾಗುತ್ತದೆ. ಕೊನೆಗೆ ಗ್ರಾವೆಲ್ ಮತ್ತು ಜೇಡಿಯನ್ನು ಸಂದಿಗಳಿಗೆ ನೀರು ಹಾಯಿಸಿ ಇಳಿಸಿ, ಮೇಲೆ ನೀರು ನಿಲ್ಲುವ ತನಕ ಮತ್ತೆ ಮತ್ತೆ. ಈ ಕೊನೆಯ ಕೆಲಸ ಬಿಟ್ಟರೆ ಏಪ್ರಿಲ್‌ನಲ್ಲಿ ನೀರೆಲ್ಲ ಕಲ್ಲಿನಡಿ ಹರಿದು ಮೇಲೆ ಒಣಗಿದ ಬಂಡೆ ಮಾತ್ರ ಕಾಣುತ್ತದೆ.

ಕೆಡುವುದು ಬಹುತೇಕ ಕೆಳತುದಿಯಿಂದ. ಇಳಿಜಾರು ಮುಗಿಯುವಲ್ಲಿ ನೀರು ಬುಡ ಕೊರೆಯುತ್ತದೆ, ಕೊನೆಯ ಸಾಲು ಜಾರುತ್ತದೆ, ಅದರ ಹಿಂದೆ ಮೇಲಿನವು. ಹಾಗಾಗಿ ಕೊನೆಯ ಎರಡು ಸಾಲಿಗೆ ಎಲ್ಲಕ್ಕಿಂತ ದೊಡ್ಡ ಕಲ್ಲು, ಹೊಳೆಯ ತಳಕ್ಕಿಂತ ಒಂದು ಮೀಟರ್ ಆಳಕ್ಕೆ. ಕೆಳಗಡೆ ಮರಳು ತೆಗೆಯುತ್ತಿದ್ದರೆ ಕೆಲಸ ಶುರು ಮಾಡಲೇಬೇಡಿ: ತಳ ಇಳಿಯುತ್ತಾ ಹೋಗಿ 1.2 ಮೀಟರಿನ ಇಳಿತ 2 ಮೀಟರಾಗುತ್ತದೆ, ಕೆಳಬಾಯಿ ಗಾಳಿಯಲ್ಲಿ ನಿಲ್ಲುತ್ತದೆ.

ಇಳಿದುಹೋಗುವ ಮೀನು, ಗದ್ದೆಗೆ ಹತ್ತುವ ಮೀನು

ಮೇಲೆ ಹೋದದ್ದು ಕೆಳಗೂ ಬರಬೇಕು. ಮರಿಗಳು ನೀರಿನ ಜೊತೆ ನಾಲೆಗೆ ಹೋಗಿ, ನಾಲೆ ನಿಲ್ಲಿಸಿದ ದಿನ ಕೆಸರಿನಲ್ಲಿ ಸಾಯುತ್ತವೆ. ತೂಬಿನ ಬಾಯಿಗೆ 10-20 ಮಿ.ಮೀ. ಸಂದಿಯ ಸರಳಿನ ಜಾಲರಿಯನ್ನು ಓರೆಯಾಗಿ ಕೂರಿಸಿ. ಜಾಲರಿಯ ಮುಂದೆ ನೀರಿನ ವೇಗ ಸೆಕೆಂಡಿಗೆ 0.3 ಮೀಟರ್ ಮೀರದಷ್ಟು ಅಗಲ ಇರಲಿ. ಕಸ ತೆಗೆಯುವವರು ಗೊತ್ತಾಗಿಲ್ಲದಿದ್ದರೆ ಜಾಲರಿ ಹಾಕಬೇಡಿ. ಕಸ ಕಟ್ಟಿ ನೀರು ನಿಂತರೆ ಅದನ್ನು ಒಂದೇ ರಾತ್ರಿಯಲ್ಲಿ ಕಿತ್ತುಹಾಕುತ್ತಾರೆ.

ಮಲೆನಾಡಿನಲ್ಲಿ ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ನುಗ್ಗುವ ಹತ್ತುಮೀನು ಎಲ್ಲರಿಗೂ ಗೊತ್ತು. ಹೊಳೆಗೂ ದಡದಾಚೆಯ ನೆಲಕ್ಕೂ ಇರುವ ನಂಟು ಅದೇ. ಹೊಳೆದಂಡೆಗೆ ಕಾಂಕ್ರೀಟ್ ತಡೆಗೋಡೆ ಕಟ್ಟುವಾಗ ಗದ್ದೆಯ ನೀರು ಇಳಿಯುವ ಕಾಲುವೆಯ ಬಾಯಿಯನ್ನು ಹೊಳೆಯ ಮಳೆಗಾಲದ ನೀರುಮಟ್ಟಕ್ಕೇ ಇಡಿಸಿದರೆ ಆ ದಾರಿ ಉಳಿಯುತ್ತದೆ. ಸಾಮಾನ್ಯವಾಗಿ ಗೋಡೆಯ ಅರ್ಧಕ್ಕೊಂದು ಪೈಪು ತೂರಿಸಿ ಮುಗಿಸುತ್ತಾರೆ. ಮತ್ತೆ, ಹತ್ತುವ ದಾರಿಗೇ ಕೂಣಿ (ಮೀನು ಹಿಡಿಯುವ ಬುಟ್ಟಿ) ಒಡ್ಡುವ ರೂಢಿ ನಮ್ಮಲ್ಲಿದೆ. ಹೊಸ ಇಳಿಜಾರಿನ ಕೆಳಬಾಯಿಯಲ್ಲಿ ಮೀನು ಗುಂಪುಗೂಡುವುದು ಊರಿಗೆಲ್ಲ ಒಂದೇ ವಾರದಲ್ಲಿ ಗೊತ್ತಾಗುತ್ತದೆ. ಬಾಯಿಯ ಎರಡೂ ಕಡೆ 50 ಮೀಟರ್ ಬಲೆ, ಕೂಣಿ ಬೇಡವೆಂಬ ಒಪ್ಪಂದ ಮೀನುಗಾರರ ಸಂಘದ ಜೊತೆ ಕಲ್ಲು ಬರುವ ಮೊದಲೇ ಆಗಿರಬೇಕು.

ಕೆಲಸ ಮಾಡುತ್ತಿದೆಯೇ?

ಕಟ್ಟುವ ಮುಂಚಿನ ಒಂದು ವರ್ಷ ಅಣೆಯ ಮೇಲೆ ಮತ್ತು ಕೆಳಗೆ ಯಾವ ಮೀನು ಇವೆ ಎಂಬ ಪಟ್ಟಿ ಇಲ್ಲದಿದ್ದರೆ ಆಮೇಲಿನ ಯಾವ ಎಣಿಕೆಗೂ ಅರ್ಥವಿಲ್ಲ. ಬಲೆಗಾರರ ದಿನದ ಹಿಡಿತವನ್ನು ನೋಡಿ ಬರೆದುಕೊಂಡರೂ ಆಯಿತು; ನೀವೇ ಬಲೆ ಬೀಸುವುದಾದರೆ ಮೀನುಗಾರಿಕೆ ಇಲಾಖೆಯ ಅನುಮತಿ ಬೇಕು. ನೀರಿನೊಳಗಿನ ಕ್ಯಾಮೆರಾ ನವೆಂಬರ್‌ನಿಂದ ಫೆಬ್ರವರಿ ತನಕ ಚೆನ್ನ, ಜುಲೈನ ಕೆಂಪು ನೀರಿನಲ್ಲಿ ಏನೂ ಕಾಣದು. ಆಗ ಮೇಲ್ಬಾಯಿಯಲ್ಲಿ ಗಂಟು ಹಾಕದ ನೂಲಿನ ಬಲೆಯ ಪಂಜರ ಇಟ್ಟು, ಆರು ಗಂಟೆಗೊಮ್ಮೆ ತೆರೆದು, ಅಳೆದು, ಮೇಲಕ್ಕೆ ಬಿಡಬೇಕು. ಪಂಜರದಲ್ಲಿ ದೊಡ್ಡವೇ ಬಿದ್ದು ಕೆಳಗಿನ ಮಡುವಿನಲ್ಲಿ ಸಣ್ಣವು ಮುತ್ತಿಕೊಂಡಿದ್ದರೆ ಯಾವುದೋ ಸಾಲಿನಲ್ಲಿ ಇಳಿತ 10 ಸೆಂ.ಮೀ. ಮೀರಿದೆ ಎಂದೇ ಅರ್ಥ. ಲೆವೆಲ್ ಟ್ಯೂಬು ಹಿಡಿದು 12 ಸಾಲನ್ನೂ ಕೆಳಗಿನಿಂದ ಅಳೆಯುತ್ತಾ ಬನ್ನಿ; ಸಾಮಾನ್ಯವಾಗಿ ತಪ್ಪಿರುವುದು ಒಂದೋ ಎರಡೋ ಸಾಲು, ಅದರ ಕೆಳಗಿನ ಸಾಲಿನ ಸಂದಿಗೆ ಒಂದು ಕಲ್ಲು ಸೇರಿಸಿ ಕಿರಿದು ಮಾಡಿದರೆ ನೀರು ಏರಿ ವ್ಯತ್ಯಾಸ ಹಂಚಿಹೋಗುತ್ತದೆ. ಈ ತಿದ್ದುವಿಕೆಗೆ ಮೊದಲ ಮೂರು ವರ್ಷ, ಪ್ರತಿ ಡಿಸೆಂಬರ್‌ನಲ್ಲಿ, ಒಂದು ದಿನದ ಹಿಟಾಚಿ ಬಾಡಿಗೆಯನ್ನು ಅಂದಾಜುಪಟ್ಟಿಯಲ್ಲೇ ಸೇರಿಸಿಡಿ.